ನಿಮ್ಮ ಮನೆಯ ಹಸು ಹೇಗಿದೆ?

ಮೂರನೇ ತರಗತಿಯ ಮಕ್ಕಳಿಗೆ ಹಸುವಿನ ಬಗ್ಗೆ ಐದು ವಾಕ್ಯ ಬರೆಯಿರಿ ಎಂದು ಹೇಳಿ ನೋಡಿ. ಬೀದರ್‌ನಲ್ಲಿ ಹೇಳಿದರೂ ಅಷ್ಟೇ, ಚಾಮರಾಜನಗರದಲ್ಲಿ ಹೇಳಿದರೂ ಅಷ್ಟೇ, ಬರುವುದು ಹೆಚ್ಚುಕಡಿಮೆ ಒಂದೇ ಉತ್ತರ. ಹಸು ಒಂದು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ. ಹಸು ಹುಲ್ಲು ತಿನ್ನುತ್ತದೆ. ಹಸು ಹಾಲು ಕೊಡುತ್ತದೆ. ಹಸು ಸಾಧು ಪ್ರಾಣಿ. ಇದನ್ನು ಬರೆದ ಎಷ್ಟೋ ಮಕ್ಕಳ ಮನೆಯಲ್ಲಿ ಹಸು ಇರುತ್ತದೆ. ಅದು ಯಾರನ್ನು ಕಂಡರೆ ಹಾಯುತ್ತದೆ, ಯಾರ ಕೈಗೆ ಮಾತ್ರ ಸೊರ ಬಿಡುತ್ತದೆ, ಚರ್ಮಗಂಟು ರೋಗ ಬಂದಾಗ ಅಜ್ಜಿ ಏನೇನು ಹಚ್ಚಿದಳು, ಕರುವನ್ನು ಸಂತೆಗೆ ಹೊಡೆದುಕೊಂಡು ಹೋದ ದಿನ ಅದು ರಾತ್ರಿಯೆಲ್ಲ ಹೇಗೆ ಕೂಗಿತು, ಎಲ್ಲವೂ ಆ ಮಕ್ಕಳಿಗೆ ಗೊತ್ತು. ಊಟದ ಬಿಡುವಿನಲ್ಲಿ ಕೇಳಿದರೆ ಕೈ ಆಡಿಸಿಕೊಂಡು ಹೇಳುತ್ತಾರೆ. ನೋಟ್‌ಬುಕ್ ತೆರೆದ ಕೂಡಲೇ ನಾಲ್ಕು ಕಾಲಿನ ಸಾಧು ಪ್ರಾಣಿ ಬಂದು ಕೂರುತ್ತದೆ.

ಮಕ್ಕಳಿಗೆ ಹೇಳುವುದಕ್ಕೆ ಏನೂ ಇಲ್ಲದೆ ಹೀಗಾಗುತ್ತಿಲ್ಲ. ಬರವಣಿಗೆ ಎಂದರೆ ಬೇರೆಯವರ ವಾಕ್ಯವನ್ನು ತಪ್ಪಿಲ್ಲದೆ ಇಳಿಸುವುದು ಎಂದು ಅವರಿಗೆ ನಾವೇ ಕಲಿಸಿದ್ದೇವೆ. ಬೋರ್ಡಿನ ಮೇಲಿನದನ್ನು ನೋಡಿ ಬರೆಯುವುದು, ಕಾಪಿ ಪುಸ್ತಕ, ಉಕ್ತಲೇಖನ, ಪಾಠದ ಕೊನೆಯ ಪ್ರಶ್ನೆಗಳಿಗೆ ಗೆರೆ ಎಳೆದುಕೊಟ್ಟ ಉತ್ತರ: ಪ್ರಾಥಮಿಕ ಶಾಲೆಯ ಮಗು ದಿನವಿಡೀ ಬರೆಯುತ್ತಲೇ ಇರುತ್ತದೆ, ಆದರೆ ತನ್ನ ಮಾತನ್ನು ತಾನೇ ಕಾಗದಕ್ಕೆ ಇಳಿಸುವ ಸಂದರ್ಭ ವರ್ಷಕ್ಕೆ ಬೆರಳೆಣಿಕೆಯಷ್ಟು. ಇದರ ಫಲ ಮುಂದೆ ಹತ್ತನೇ ತರಗತಿಯಲ್ಲಿ ಕಾಣುತ್ತದೆ. ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಭಾವೈಕ್ಯತೆ ಎಂಬ ಪ್ರಬಂಧಗಳನ್ನು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಸಮೇತ ಗೈಡಿನಿಂದ ಬಾಯಿಪಾಠ ಮಾಡಿಕೊಂಡು ಹೋಗುವ ವಿದ್ಯಾರ್ಥಿ ಮೂರನೇ ತರಗತಿಯ ಹಸುವನ್ನೇ ಇನ್ನೂ ಕಟ್ಟಿಕೊಂಡಿದ್ದಾನೆ.

ಓದು ಮತ್ತು ಲೆಕ್ಕದಲ್ಲಿ ನಮ್ಮ ಮಕ್ಕಳು ಎಲ್ಲಿದ್ದಾರೆ ಎಂಬ ಸುದ್ದಿ ಆಗಾಗ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಬರವಣಿಗೆಯ ಬಗ್ಗೆ ಅಷ್ಟು ಆತಂಕ ಯಾರಿಗೂ ಇದ್ದಂತಿಲ್ಲ. ಅಕ್ಷರ ದುಂಡಗಿದ್ದರೆ ಪಾಲಕರಿಗೆ ಸಮಾಧಾನ, ಪುಟ ತುಂಬಿದ್ದರೆ ಶಾಲೆಗೆ ಸಮಾಧಾನ. ಒಂದನೇ ತರಗತಿಯಿಂದಲೇ ಮಗು ತನ್ನದೇ ಮಾತನ್ನು ಬರೆಯಬೇಕು, ಅದನ್ನು ಓದುವವರು ಒಬ್ಬರಿರಬೇಕು ಎಂದು ನಾನು ನಂಬಿದ್ದೇನೆ. ಅಕ್ಷರ ಪೂರ್ತಿ ಬರಲಿ, ಕಾಗುಣಿತ ಮುಗಿಯಲಿ, ಒತ್ತಕ್ಷರ ಪಳಗಲಿ, ಆಮೇಲೆ ಸ್ವತಂತ್ರ ಬರವಣಿಗೆ ಎನ್ನುವ ಸರದಿಯನ್ನು ನಾವು ಬಿಡಬೇಕು.

ಆ ಸರದಿಗೆ ಕಾಯುವುದೆಂದರೆ ಎಷ್ಟು ದಿನ ಕಾಯುವುದು? ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದು ರೂಪಗಳ ಕಾಗುಣಿತ ಸೇರಿದರೆ ಐನೂರು ದಾಟುತ್ತದೆ, ಒತ್ತಕ್ಷರಗಳ ಲೆಕ್ಕ ಅದರ ಮೇಲೆ. ಕನ್ನಡ ಮಾಧ್ಯಮದ ಮಕ್ಕಳು ಓದು ಕಲಿಯುವ ವೇಗದ ಬಗ್ಗೆ ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್‌ನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮುಖ್ಯ ಸಂಗತಿಯನ್ನು ತೋರಿಸಿತು. ಇಷ್ಟೊಂದು ಅಕ್ಷರರೂಪಗಳ ಮೇಲೆ ಹಿಡಿತ ಸಿಗುವುದಕ್ಕೆ ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ. ಇದು ಮಕ್ಕಳ ದಡ್ಡತನವಲ್ಲ, ನಮ್ಮ ಲಿಪಿಯ ಸ್ವಭಾವ. ಹಾಗಿರುವಾಗ ಎಲ್ಲ ಅಕ್ಷರ ಬಂದ ಮೇಲೆ ಬರೆಯಿಸುತ್ತೇವೆ ಎಂದರೆ ಮಗುವಿಗೆ ಒಂಬತ್ತು ಹತ್ತು ವರ್ಷ ಆಗುವ ತನಕ ಅದರ ಮಾತಿಗೆ ಬೀಗ ಹಾಕಿದಂತೆ. ಆಮೇಲೆ ಬೀಗ ತೆಗೆದರೂ ಮಗು ಹೊರಗೆ ಬರುವುದಿಲ್ಲ, ಬಾಗಿಲೇ ಮರೆತಿರುತ್ತದೆ.

ಕಡಿಮೆ ಅಕ್ಷರದಲ್ಲೇ ಬರವಣಿಗೆ ಶುರುವಾಗಬಹುದು ಎನ್ನುವುದಕ್ಕೆ ಪುರಾವೆ ನಮ್ಮ ನಲಿ-ಕಲಿ ತರಗತಿಯಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು, ರಿಷಿ ವ್ಯಾಲಿಯ ಶಾಲೆಗಳಲ್ಲಿ ನೋಡಿ ಬಂದ ಪದ್ಧತಿಯನ್ನು ನಮ್ಮ ಶಾಲೆಗಳಿಗೆ ಒಗ್ಗಿಸಿ, ಯುನಿಸೆಫ್ ನೆರವಿನಿಂದ ಆರಂಭಿಸಿದ ಪ್ರಯೋಗ ಅದು. ಅಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಮೊದಲ ಐದು ಅಕ್ಷರ ಬಂದ ಕೂಡಲೇ ಸರ, ದರ, ಅರಸ, ಅಗಸ, ಗರಗಸ ಎಂದು ಪದಗಳು ಕೈಗೆ ಸಿಗುತ್ತವೆ. ಹತ್ತು ಅಕ್ಷರ ಬಂದರೆ ‘ಅವನ ಮಗ ಬಸವ’ ಎಂದು ಒಂದು ಇಡೀ ವಾಕ್ಯ ಬರೆಯಬಹುದು. ಗುಣಿತವಿಲ್ಲ, ಒತ್ತಿಲ್ಲ, ಆದರೂ ಅದಕ್ಕೊಂದು ಅರ್ಥವಿದೆ, ಅದರಲ್ಲಿ ಇಬ್ಬರು ಮನುಷ್ಯರಿದ್ದಾರೆ. ಈ ಜೋಡಣೆಯ ಹಿಂದಿರುವ ಆಲೋಚನೆ ದೊಡ್ಡದು. ಕಲಿತ ಅಕ್ಷರವನ್ನು ಅಂದೇ ಬಳಸು, ನಾಳೆಗೆ ಇಟ್ಟುಕೊಳ್ಳಬೇಡ. ಬೇಸರದ ಸಂಗತಿಯೆಂದರೆ ಅನೇಕ ಕಡೆ ಇದೂ ಕಲಿಕಾ ಕಾರ್ಡು ನೋಡಿ ಬರೆಯುವ ಕೆಲಸವಾಗಿ ಇಳಿದುಹೋಗಿದೆ. ಹತ್ತು ಅಕ್ಷರ ಬಂದ ಮಗುವಿಗೆ, ‘ಈ ಅಕ್ಷರಗಳಲ್ಲಿ ನೀನೇ ಒಂದು ಪದ ಕಟ್ಟು, ಕಾರ್ಡಿನಲ್ಲಿ ಇಲ್ಲದ್ದು’ ಎಂದು ಹೇಳಿದರೆ ಸಾಕು, ಅದೇ ಕಾರ್ಡು ಬರವಣಿಗೆಯ ಪಾಠವಾಗುತ್ತದೆ. ಮಗು ‘ಜಗರ’ ಎಂದು ಅರ್ಥವಿಲ್ಲದ ಪದ ಕಟ್ಟಿಕೊಂಡು ಬಂದರೆ, ಅದು ಏನು, ಯಾವ ಪ್ರಾಣಿ, ಎಲ್ಲಿರುತ್ತದೆ ಎಂದು ಕೇಳಬೇಕು. ಚಿತ್ರ ಬರೆಸಬೇಕು.

ಅಕ್ಷರವೇ ಬಾರದ ಮಗುವೂ ಬರೆಯಬಹುದು, ಬೇರೆಯವರ ಕೈಯಿಂದ. ನ್ಯೂಜಿಲೆಂಡ್‌ನ ಸಿಲ್ವಿಯಾ ಆಷ್ಟನ್-ವಾರ್ನರ್ ಮಾವೋರಿ ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ಕಂಡುಕೊಂಡ ದಾರಿ ಇದು. 1963ರಲ್ಲಿ ಬಂದ ‘ಟೀಚರ್’ ಎಂಬ ಪುಸ್ತಕದಲ್ಲಿ ಅವರು ಇದನ್ನು ವಿವರಿಸಿದ್ದಾರೆ. ನಿನಗೆ ಯಾವ ಪದ ಬೇಕು ಎಂದು ಪ್ರತಿ ಮಗುವನ್ನೂ ಕೇಳುವುದು, ಮಗು ಹೇಳಿದ ಪದವನ್ನು ದಪ್ಪ ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಅದರ ಕೈಗೆ ಕೊಡುವುದು. ಮಾರನೆಯ ದಿನ ಮಗು ಆ ಪದವನ್ನು ಗುರುತಿಸದಿದ್ದರೆ ಆ ರಟ್ಟನ್ನು ತೆಗೆದುಹಾಕುವುದು, ಏಕೆಂದರೆ ಅದು ಮಗುವಿನ ಮನಸ್ಸಿನ ಪದವಲ್ಲ. ಪಠ್ಯಪುಸ್ತಕ ಕೊಡುತ್ತಿದ್ದ ಸಪ್ಪೆ ಪದಗಳನ್ನು ವಾರಗಟ್ಟಲೆ ತಿದ್ದಿದರೂ ಕಲಿಯದ ಮಕ್ಕಳು ದೆವ್ವ, ಮುತ್ತು ಮುಂತಾದ ಪದಗಳನ್ನು ಒಂದೇ ನೋಟಕ್ಕೆ ಹಿಡಿದಿಟ್ಟುಕೊಂಡರು.

ನಮ್ಮ ಮಕ್ಕಳನ್ನು ಕೇಳಿದರೆ ಅವರು ಹಾವು, ಜಾತ್ರೆ, ದೆವ್ವ, ಟ್ರ್ಯಾಕ್ಟರ್ ಎಂದಾರು. ಟ್ರ್ಯಾಕ್ಟರ್ ಎಂಬ ಪದದ ಒತ್ತಕ್ಷರಗಳನ್ನು ನೋಡಿದರೆ ಅದು ಒಂದನೇ ತರಗತಿಗೆ ಹೇಳಿಸಿದ್ದಲ್ಲ ಅನಿಸುತ್ತದೆ. ಅಪ್ಪ ಟ್ರ್ಯಾಕ್ಟರ್ ಓಡಿಸುವ ಮಗುವಿಗೆ ಅದು ಕಷ್ಟವಾಗುವುದಿಲ್ಲ. ಅದರ ಮುಂದಿನ ಹೆಜ್ಜೆ, ಮಗು ಹೇಳಿದ ಒಂದು ವಾಕ್ಯವನ್ನು ಅದು ಹೇಳಿದ ಹಾಗೆಯೇ ಅದರ ಚಿತ್ರದ ಕೆಳಗೆ ಶಿಕ್ಷಕಿ ಬರೆದುಕೊಡುವುದು. ‘ನಮ್ಮಪ್ಪನ ಟ್ರ್ಯಾಕ್ಟರ್ ಕೆಸರಲ್ಲಿ ಹೂತೋಯ್ತು.’ ತನ್ನ ಬಾಯಿಂದ ಹೊರಟ ಮಾತು ಕಾಗದದ ಮೇಲೆ ನಿಂತಿರುವುದನ್ನೂ, ಬೇರೆಯವರು ಬಂದು ಅದನ್ನು ಓದಿ ನಗುವುದನ್ನೂ ಮಗು ಒಮ್ಮೆ ಕಂಡರೆ ಬರವಣಿಗೆ ಯಾಕೆ ಬೇಕು ಎಂದು ಅದಕ್ಕೆ ಯಾರೂ ವಿವರಿಸಬೇಕಿಲ್ಲ.

ಇನ್ನು ಎರಡು, ಮೂರನೇ ತರಗತಿಯಲ್ಲಿ ತುಂಬ ಕೆಲಸಕ್ಕೆ ಬರುವ ಉಪಾಯ, ಎಲ್ಲರೂ ಸೇರಿ ಬೋರ್ಡಿನ ಮೇಲೆ ಬರೆಯುವುದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿನ್ನೆ ಶಾಲೆಗೆ ಕೋತಿ ಬಂದಿತ್ತು ಎಂದಿಟ್ಟುಕೊಳ್ಳಿ. ಶಿಕ್ಷಕಿ ಬೋರ್ಡಿನ ಮೇಲೆ ‘ನಿನ್ನೆ ನಮ್ಮ ಶಾಲೆಗೆ ಕೋತಿ ಬಂದಿತು’ ಎಂದು ಬರೆಯುತ್ತಾರೆ.

‘ಒಂದಲ್ಲ ಮಿಸ್, ಮೂರು’ ಎನ್ನುತ್ತದೆ ಒಂದು ಮಗು.

ಶಿಕ್ಷಕಿ ‘ಕೋತಿ’ ಎಂಬುದರ ಮೇಲೆ ಗೆರೆ ಎಳೆದು ‘ಮೂರು ಕೋತಿಗಳು’ ಎಂದು ಮೇಲೆ ಬರೆಯುತ್ತಾರೆ. ಇಡೀ ವಾಕ್ಯವನ್ನು ಮತ್ತೆ ಓದುತ್ತಾರೆ: ಮೂರು ಕೋತಿಗಳು ಬಂದಿತು. ಯಾರೋ ನಗುತ್ತಾರೆ. ‘ಬಂದವು’ ಎಂದು ಮೂಲೆಯಿಂದ ದನಿ ಬರುತ್ತದೆ. ಏಕವಚನ, ಬಹುವಚನದ ಪಾಠ ಅಲ್ಲಿಗೆ ಮುಗಿಯಿತು. ಎಲ್ಲಿಗೆ ಬಂದವು? ‘ಅಡುಗೆ ಕೋಣೆ ಕಿಟಕಿಗೆ.’ ಹಾಗಾದರೆ ‘ಶಾಲೆಗೆ’ ಎನ್ನುವುದು ಸಾಕಾ, ಕಿಟಕಿಯೂ ಬೇಕಾ? ಬೇಕು ಎಂದು ಎಲ್ಲರೂ ಕೂಗುತ್ತಾರೆ. ಏನು ಮಾಡಿದವು? ‘ಬಾಳೆಹಣ್ಣು ತಿಂದವು.’ ಎಲ್ಲ ಹಣ್ಣನ್ನೂ? ‘ಇಲ್ಲ, ಒಂದು ಕೋತಿ ಗೊನೆಯನ್ನೇ ಎಳೆಯಿತು, ಅಡುಗೆಯವರು ಸೌಟು ತೋರಿಸಿದರು, ಅದು ಹಲ್ಲು ಕಿಸಿಯಿತು.’ ಬೋರ್ಡಿನ ಮೇಲೆ ಈಗ ಆರು ಸಾಲು ಇದೆ. ಮೊದಲನೆಯ ಸಾಲು ಹೊಡೆದುಹಾಕಿ, ಸೌಟಿನ ಸಾಲಿನಿಂದಲೇ ಶುರು ಮಾಡಿದರೆ ಹೇಗೆ ಎಂದು ಶಿಕ್ಷಕಿ ಕೇಳುತ್ತಾರೆ. ವಾದ ಆಗುತ್ತದೆ. ಒಬ್ಬಳು ಬೇಡ ಎನ್ನುತ್ತಾಳೆ, ‘ಕೋತಿ ಬಂದದ್ದು ಹೇಳದೆ ಸೌಟು ಯಾಕೆ ಅಂತ ಗೊತ್ತಾಗಲ್ಲ’ ಎಂದು ಕಾರಣ ಕೊಡುತ್ತಾಳೆ. ಎಂಟು ವರ್ಷದ ಆ ಹುಡುಗಿ ಆಗ ಓದುಗರ ಬಗ್ಗೆ ಯೋಚಿಸಿದಳು. ಬರೆಯುವವರು ಕಲಿಯಬೇಕಾದ ವಿದ್ಯೆಗಳಲ್ಲಿ ಅತ್ಯಂತ ಕಷ್ಟದ್ದು ಅದೇ.

ಈ ಇಪ್ಪತ್ತು ನಿಮಿಷದಲ್ಲಿ ಮಕ್ಕಳು ಕಂಡ ಇನ್ನೊಂದು ವಿಷಯವೂ ಉಂಟು. ಶಿಕ್ಷಕಿಯೂ ಬರೆದದ್ದನ್ನು ಹೊಡೆದುಹಾಕುತ್ತಾರೆ, ಮತ್ತೆ ಓದುತ್ತಾರೆ, ಮತ್ತೆ ಬರೆಯುತ್ತಾರೆ. ಪಠ್ಯಪುಸ್ತಕದ ವಾಕ್ಯಗಳು ಮಕ್ಕಳ ಕಣ್ಣಿಗೆ ಬೀಳುವುದೇ ಪೂರ್ತಿ ಆಗಿ, ಅಚ್ಚಾಗಿ ಬಂದ ಮೇಲೆ. ಬರಹ ಹುಟ್ಟುವಾಗ ಅಂಕುಡೊಂಕಾಗಿರುತ್ತದೆ ಎಂಬುದು ಅವರಿಗೆ ತಿಳಿಯುವುದು ಹೇಗೆ? ಹೊಡೆದುಹಾಕಿದ ಸಾಲು ಇರುವ ನೋಟ್‌ಬುಕ್ಕನ್ನು ಗಲೀಜು ಎಂದು ಬೈಯುವ ಶಾಲೆಯಲ್ಲಿ ಯಾವ ಮಗುವೂ ಎರಡನೆಯ ಸಲ ಯೋಚಿಸುವ ಧೈರ್ಯ ಮಾಡುವುದಿಲ್ಲ. ಈ ದೃಷ್ಟಿಯಿಂದ ನಮ್ಮ ಹಳೆಯ ಸ್ಲೇಟು ಒಳ್ಳೆಯ ಗೆಳೆಯ. ತಪ್ಪಿದರೆ ಒರೆಸಬಹುದು, ನಾಚಿಕೆಯಿಲ್ಲ. ಆದರೆ ಸ್ಲೇಟಿನ ಮೇಲೆ ಬರೆದದ್ದು ಸಂಜೆಗೆ ಉಳಿಯುವುದಿಲ್ಲ, ನಾಳೆ ಓದುವುದಕ್ಕೆ ಏನೂ ಇರುವುದಿಲ್ಲ. ಕರಡಿಗೆ ಸ್ಲೇಟು, ಇಟ್ಟುಕೊಳ್ಳಬೇಕಾದದ್ದಕ್ಕೆ ಕಾಗದ ಎಂದು ಎರಡನ್ನೂ ಬಳಸಿದರೆ ಒಳ್ಳೆಯದು.

ಮಕ್ಕಳಿಗೆ ಕೊಡುವ ವಿಷಯದಲ್ಲೇ ಅರ್ಧ ಬರವಣಿಗೆ ಇರುತ್ತದೆ. ‘ನನ್ನ ಶಾಲೆ’, ‘ನಮ್ಮ ಹಬ್ಬಗಳು’, ‘ನನ್ನ ತಾಯಿ’ ತುಂಬ ಅಗಲವಾದ ವಿಷಯಗಳು. ಎಲ್ಲಿ ಕಾಲಿಡಬೇಕೋ ತಿಳಿಯದೆ ಮಗು ಕೇಳಿದ ವಾಕ್ಯಗಳನ್ನೇ ಹಿಡಿದುಕೊಳ್ಳುತ್ತದೆ. ಅದರ ಬದಲು ‘ಶಾಲೆಯಲ್ಲಿ ನೀನು ಅಡಗಿಕೊಳ್ಳುವ ಜಾಗ’, ‘ಅಮ್ಮನಿಗೆ ಸಿಟ್ಟು ಬಂದಾಗ ಮೊದಲು ಏನು ಮಾಡುತ್ತಾಳೆ’, ‘ಯುಗಾದಿ ದಿನ ನಿಮ್ಮ ಮನೆಯಲ್ಲಿ ಯಾರು ಮೊದಲು ಏಳುತ್ತಾರೆ’ ಎಂದು ಕೇಳಿ. ವಿಷಯ ಚಿಕ್ಕದಾದಷ್ಟೂ ಮಗುವಿನ ಕಣ್ಣು ಚುರುಕಾಗುತ್ತದೆ. ಹಸುವಿನ ಬಗ್ಗೆಯೇ ಬರೆಸಬೇಕೆಂದರೆ, ನಿಮ್ಮ ಮನೆಯ ಹಸು ಹೇಗಿದೆ ಎಂದು ಕೇಳಬೇಕು. ಮನೆಯಲ್ಲಿ ಹಸುವಿಲ್ಲದ ಬೆಂಗಳೂರಿನ ಮಗುವಿಗೆ ಬೀದಿಯ ಹಸು ಇದೆ, ಅದು ತರಕಾರಿ ಗಾಡಿಯ ಹತ್ತಿರ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಆ ಮಗುವಿಗೆ ತಿಳಿದಿರುತ್ತದೆ.

ಬರೆಯುವ ಮೊದಲು ಮಾತಾಡಿಸಬೇಕು, ಚಿತ್ರ ಬಿಡಿಸಬೇಕು. ಇದು ಸಮಯ ಕಳೆಯುವ ಕೆಲಸವಲ್ಲ. ಚಿತ್ರ ಬರೆಯುತ್ತಿರುವ ಮಗು ಯಾವುದು ದೊಡ್ಡದು, ಯಾವುದು ಮುಂದೆ, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುತ್ತಾ ಇರುತ್ತದೆ, ಅವೇ ತೀರ್ಮಾನಗಳು ಮುಂದೆ ವಾಕ್ಯಗಳಾಗುತ್ತವೆ. ಪಕ್ಕದ ಮಗುವಿಗೆ ಒಮ್ಮೆ ಹೇಳಿ ಆಮೇಲೆ ಬರೆಯಲು ಕೂತ ಮಗುವಿನ ಪೆನ್ಸಿಲ್ ಅಷ್ಟು ಬೇಗ ನಿಲ್ಲುವುದಿಲ್ಲ.

ಈಗ ತಪ್ಪುಗಳ ಮಾತು. ಶಿಕ್ಷಕರು ಅತಿಹೆಚ್ಚು ಕೇಳುವ ಪ್ರಶ್ನೆ ಇದೇ: ಹೀಗೆ ಬರೆಯಲು ಬಿಟ್ಟರೆ ತಪ್ಪು ಬೇರೂರುವುದಿಲ್ಲವೇ? ಮಕ್ಕಳ ಕನ್ನಡ ತಪ್ಪುಗಳನ್ನು ಸ್ವಲ್ಪ ಸಾವಧಾನವಾಗಿ ನೋಡಿದರೆ ಭಯ ಕಡಿಮೆಯಾಗುತ್ತದೆ. ‘ಅಮ್ಮ’ ಎನ್ನುವುದನ್ನು ‘ಅಮಮ’ ಎಂದು ಬರೆದ ಮಗು ಎರಡು ಮಕಾರಗಳನ್ನು ಸರಿಯಾಗಿಯೇ ಕೇಳಿಸಿಕೊಂಡಿದೆ, ಒಂದನ್ನು ಕೆಳಗೆ ಇಳಿಸಬೇಕೆಂಬುದು ಮಾತ್ರ ಅದಕ್ಕೆ ಇನ್ನೂ ತಿಳಿದಿಲ್ಲ. ‘ಎಲೆ’ ಎನ್ನುವುದನ್ನು ‘ಯೆಲೆ’ ಎಂದೂ ‘ಒಂದು’ ಎನ್ನುವುದನ್ನು ‘ವೊಂದು’ ಎಂದೂ ಬರೆದ ಮಗುವಿನ ಕಿವಿ ಬಹಳ ಸೂಕ್ಷ್ಮ, ನಾವು ಹಾಗೆಯೇ ಉಚ್ಚರಿಸುತ್ತೇವೆ. ‘ಸೂರ್ಯ’ದಲ್ಲಿ ಮೊದಲು ಕೇಳುವ ರಕಾರ ‘ಸೂಯ೯’ ಎಂದು ಬರೆಯುವಾಗ ಯಕಾರದ ಆಚೆಗೆ ಹೋಗಿ ನಿಲ್ಲುತ್ತದೆ, ಕೇಳುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಇದು ದೊಡ್ಡವರನ್ನೂ ತಬ್ಬಿಬ್ಬು ಮಾಡುವ ಜಾಗ. ಹಳೇ ಮೈಸೂರು ಕಡೆಯ ಮಗು ‘ಮರದ ಮೇಲೆ ಅಕ್ಕಿ ಕೂತಿದೆ’ ಎಂದು ಬರೆದರೆ ಅದು ಹಕಾರದ ಉಚ್ಚಾರಣೆಯೇ ಇಲ್ಲದ ಮನೆಯಿಂದ ಬಂದಿದೆ ಎಂದರ್ಥ. ಇಲ್ಲಿ ಮಗುವಿಗೆ ಬೇಕಾದದ್ದು ಹಕ್ಕಿಯ ಚಿತ್ರ ಒಂದು ಕಡೆ, ಅಕ್ಕಿಯ ಚಿತ್ರ ಒಂದು ಕಡೆ ಅಂಟಿಸಿದ ರಟ್ಟು. ಹತ್ತು ಸಲ ತಿದ್ದಿ ಬರೆಸುವ ಶಿಕ್ಷೆಯಿಂದ ಹಕಾರ ಕೇಳಿಸುವುದಿಲ್ಲ.

ಅಮೆರಿಕದ ಚಾರ್ಲ್ಸ್ ರೀಡ್ ಎಂಬ ಭಾಷಾವಿಜ್ಞಾನಿ 1971ರಲ್ಲಿ ಶಾಲೆಗೆ ಸೇರುವ ಮೊದಲೇ ತಮಗೆ ತೋಚಿದ ಹಾಗೆ ಇಂಗ್ಲಿಷ್ ಪದ ಬರೆಯುತ್ತಿದ್ದ ಪುಟ್ಟ ಮಕ್ಕಳ ಕಾಗುಣಿತವನ್ನು ಪರಿಶೀಲಿಸಿ, ಆ ತಪ್ಪುಗಳ ಹಿಂದೆ ಕ್ರಮಬದ್ಧವಾದ ತರ್ಕ ಇದೆ ಎಂದು ತೋರಿಸಿದರು. ಮಕ್ಕಳು ಧ್ವನಿಗಳನ್ನು ವಿಂಗಡಿಸುವ ರೀತಿಯೇ ಆ ಬರವಣಿಗೆಯಲ್ಲಿ ಕಾಣುತ್ತಿತ್ತು. ಕನ್ನಡದ ಮಕ್ಕಳ ತಪ್ಪುಗಳಲ್ಲೂ ಅಂಥ ತರ್ಕ ಇದೆ. ಒಂದು ವಾರದ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತರೆ ತರಗತಿಗೆ ಮುಂದೆ ಏನು ಕಲಿಸಬೇಕು ಎಂಬುದು ಅಲ್ಲೇ ಕಾಣುತ್ತದೆ. ಹದಿನೈದು ಮಕ್ಕಳು ದೀರ್ಘ ಬಿಟ್ಟಿದ್ದರೆ ನಾಳೆ ದೀರ್ಘದ ಪಾಠ. ಒಬ್ಬನೇ ಬಿಟ್ಟಿದ್ದರೆ ಅವನ ಪಕ್ಕ ಐದು ನಿಮಿಷ.

ತಿದ್ದುವುದಕ್ಕೂ ಒಂದು ಹೊತ್ತು ಇದೆ. ಕರಡಿನಲ್ಲಿ ತಿದ್ದುವುದು ಬೇಡ, ವಿಷಯ ಏನು ಎಂದು ಮಾತ್ರ ಕೇಳಿ. ಗೋಡೆಗೆ ಅಂಟಿಸುವ ಪ್ರತಿ ಬರೆಯುವಾಗ, ಓದುವವರಿಗೆ ಅರ್ಥವಾಗಬೇಕಲ್ಲ ಎಂಬ ಕಾರಣ ಮಗುವಿನ ಕಣ್ಣೆದುರೇ ಇರುವಾಗ, ಒಂದೇ ಬಗೆಯ ತಪ್ಪನ್ನು ಆರಿಸಿಕೊಂಡು ತಿದ್ದಿಸಿ. ಈ ಸಲ ಒತ್ತಕ್ಷರ ಮಾತ್ರ, ಮುಂದಿನ ಸಲ ದೀರ್ಘ ಮಾತ್ರ. ಒಂದು ಪುಟದಲ್ಲಿ ಇಪ್ಪತ್ತು ಕೆಂಪು ಸುತ್ತು ನೋಡಿದ ಮಗು ಅವುಗಳಿಂದ ಇಪ್ಪತ್ತು ಪಾಠ ಕಲಿಯುವುದಿಲ್ಲ. ಮುಂದಿನ ಸಲ ತನಗೆ ಖಂಡಿತ ಬರುವ ನಾಲ್ಕು ಪದಗಳಲ್ಲೇ ಬರೆದು ಮುಗಿಸುತ್ತದೆ, ಮತ್ತೆ ಸಾಧು ಪ್ರಾಣಿಯ ಕಡೆಗೇ ಹೋಗುತ್ತದೆ.

ಮನೆಯ ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಕಲಬುರಗಿಯ ಮಗು ‘ನಾ ಮನಿಗಿ ಹೋದೆ’ ಎಂದು ಬರೆದರೆ ಅದು ತಪ್ಪೇ? ನಾನು ತಪ್ಪು ಎನ್ನಲಾರೆ. ಬೇಂದ್ರೆಯವರು ಧಾರವಾಡದ ಮಾತಿನಲ್ಲಿ ಕಾವ್ಯ ಬರೆದರು, ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ನಂಜನಗೂಡು ಕಡೆಯ ಮಾತು ಸಾಹಿತ್ಯವಾಗಿ ನಿಂತಿದೆ. ವಿಶ್ವವಿದ್ಯಾಲಯದಲ್ಲಿ ಮೆಚ್ಚಿ ಓದುವ ಭಾಷೆಗೆ ಎರಡನೇ ತರಗತಿಯಲ್ಲಿ ಕೆಂಪು ಶಾಯಿ ಬೀಳಬಾರದು. ಪುಸ್ತಕದ ಕನ್ನಡವೂ ಮಗುವಿಗೆ ಬೇಕು, ಆ ಹಕ್ಕನ್ನು ತಪ್ಪಿಸುವಂತಿಲ್ಲ. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಡಬೇಕು. ಮನೆಯಲ್ಲಿ ಹೀಗೆ ಹೇಳುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ ಎಂದು ಬೋರ್ಡನ್ನು ಎರಡು ಭಾಗ ಮಾಡಿ ತೋರಿಸಬಹುದು. ಕಥೆಯೊಳಗೆ ಅಜ್ಜಿ ಮಾತಾಡುವಾಗ ಅಜ್ಜಿಯ ಮಾತೇ ಇರಲಿ. ಮನೆಯಲ್ಲಿ ತುಳು, ಲಂಬಾಣಿ, ಉರ್ದು, ಕೊಂಕಣಿ ಆಡುವ ಮಕ್ಕಳ ಪಾಲಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ. ಅವರು ಮೊದಲು ತಮ್ಮ ಭಾಷೆಯಲ್ಲಿ ಹೇಳಲಿ, ಕನ್ನಡದಲ್ಲಿ ಸಿಗದ ಪದವನ್ನು ತಮ್ಮ ಪದದಲ್ಲೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಆ ಪದ ಇಡೀ ತರಗತಿಗೆ ಹೊಸದಾಗಿ ಸಿಕ್ಕಿದಂತಾಗುತ್ತದೆ.

ಬರೆದದ್ದನ್ನು ಓದುವವರು ಯಾರು ಎಂಬ ಪ್ರಶ್ನೆಗೆ ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ತರಗತಿಯಲ್ಲಿ ಹೆಚ್ಚು ಹೊತ್ತು ಮಾತಾಡಲು ಆಗದ ಹಳ್ಳಿ ಮೇಷ್ಟ್ರು ಅವರು. ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಊರಿನ ಶಾಲೆಗೆ 1924ರಲ್ಲಿ ಒಂದು ಪುಟ್ಟ ಮುದ್ರಣ ಯಂತ್ರ ತಂದರು. ಮಕ್ಕಳು ತಮ್ಮ ಊರಿನ, ಮನೆಯ ಸಂಗತಿಗಳನ್ನು ಬರೆಯುತ್ತಿದ್ದರು, ಯಾವುದನ್ನು ಅಚ್ಚು ಮಾಡಬೇಕು ಎಂದು ತರಗತಿಯೇ ತೀರ್ಮಾನಿಸುತ್ತಿತ್ತು, ಮೊಳೆಗಳನ್ನು ಮಕ್ಕಳೇ ಜೋಡಿಸುತ್ತಿದ್ದರು. ಅಚ್ಚಾದ ಹಾಳೆಗಳು ದೂರದ ಬ್ರಿಟನಿ ಕರಾವಳಿಯ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದವು, ಅಲ್ಲಿಂದ ಆ ಮಕ್ಕಳ ಬರಹ ಇಲ್ಲಿಗೆ ಬರುತ್ತಿತ್ತು. ಒಂದೊಂದೇ ಅಕ್ಷರದ ಮೊಳೆ ಹುಡುಕಿ ಇಡುವ ಮಗುವಿಗೆ ಕಾಗುಣಿತ ಬೇಡದ ಶಿಕ್ಷೆಯಾಗಿ ಕಾಣುವುದಿಲ್ಲ, ಸಮುದ್ರದ ದಡದ ಗೆಳೆಯ ಓದಬೇಕಲ್ಲ.

ನಮಗೆ ಮುದ್ರಣ ಯಂತ್ರ ಬೇಕಿಲ್ಲ. ಗೋಡೆ ಪತ್ರಿಕೆಯ ಪರಂಪರೆ ನಮ್ಮಲ್ಲೇ ಇದೆ. ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘದವರು ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆಯನ್ನೇ ನಡೆಸಿದರು. ಶಾಲೆಯ ಜಗಲಿಯಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ, ಹದಿನೈದು ದಿನಕ್ಕೊಮ್ಮೆ ಬದಲಾಗುವ ಒಂದು ದೊಡ್ಡ ಹಾಳೆ ಸಾಕು. ಮಲೆನಾಡಿನ ಒಂದು ಶಾಲೆ ಬಯಲುಸೀಮೆಯ ಒಂದು ಶಾಲೆಗೆ ತಿಂಗಳಿಗೊಂದು ಲಕೋಟೆ ಕಳಿಸಲಿ. ಮಳೆ ನಿಲ್ಲದ ಊರಿನ ಮಗು ಮಳೆ ಬಾರದ ಊರಿನ ಮಗುವಿಗೆ ಬರೆದರೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆ ಇದೆ, ಅದರ ಮುಂದಿಡಲು ಶೌಚಾಲಯದ ನೀರಿನ ಬಗ್ಗೆ, ದಾರಿಯ ದೀಪದ ಬಗ್ಗೆ ಐದನೇ ತರಗತಿಯವರು ಒಂದು ಅರ್ಜಿ ಬರೆಯಲಿ. ಪತ್ರಲೇಖನವನ್ನು ‘ಇಂದ, ಇವರಿಗೆ’ ಎಂಬ ಮಾದರಿಯಾಗಿ ಕಲಿತು ಮರೆಯುವುದಕ್ಕಿಂತ, ಉತ್ತರ ಬರಬಹುದಾದ ಒಂದು ಪತ್ರ ಬರೆಯುವುದು ಮೇಲು.

ಐದರಿಂದ ಏಳನೇ ತರಗತಿಯವರೆಗೆ ಅರ್ಜಿಯಂಥ ಬರಹವನ್ನು ಒಟ್ಟಿಗೇ ಬರೆಯುವ ಒಂದು ಕ್ರಮವನ್ನು ಇಟಲಿಯ ಬಾರ್ಬಿಯಾನ ಎಂಬ ಗುಡ್ಡದ ಊರಿನ ಮಕ್ಕಳಿಂದ ಕಲಿಯಬಹುದು. ಪಾದ್ರಿ ಲೊರೆಂಜೊ ಮಿಲಾನಿ ನಡೆಸುತ್ತಿದ್ದ ಆ ಶಾಲೆಯ ಎಂಟು ಹುಡುಗರು ಬಡವರನ್ನು ನಪಾಸು ಮಾಡುವ ಶಿಕ್ಷಣದ ವಿರುದ್ಧ 1967ರಲ್ಲಿ ‘ಶಿಕ್ಷಕಿಯೊಬ್ಬರಿಗೆ ಪತ್ರ’ ಎಂಬ ಪುಸ್ತಕವನ್ನೇ ಬರೆದರು. ಅವರು ಬರೆದ ಕ್ರಮ ಹೀಗಿತ್ತು: ಹೊಳೆದದ್ದನ್ನೆಲ್ಲ ಬೇರೆ ಬೇರೆ ಚೀಟಿಯಲ್ಲಿ ಬರೆಯುವುದು, ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರಡಿ ಒಂದೇ ವಿಷಯದವನ್ನು ಒಂದು ಗುಡ್ಡೆ ಮಾಡುವುದು, ಗುಡ್ಡೆಗಳನ್ನು ಸರದಿಯಲ್ಲಿ ಇಡುವುದು, ಆಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಬೇಡದ ಪದಗಳನ್ನು ಕಿತ್ತುಹಾಕುವುದು. ಬರವಣಿಗೆಯಲ್ಲಿ ಹಿಂದುಳಿದ ಮಗುವೂ ಒಂದು ಚೀಟಿಯನ್ನಂತೂ ಬರೆಯಬಲ್ಲದು. ಆ ಚೀಟಿ ಇಲ್ಲದೆ ಗುಡ್ಡೆ ಪೂರ್ತಿ ಆಗುವುದಿಲ್ಲ.

ಮೂವತ್ತು ಮಕ್ಕಳಿರುವ ತರಗತಿಯಲ್ಲಿ, ಎರಡು ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಶಿಕ್ಷಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಎಲ್ಲರ ಬರಹವನ್ನೂ ಪ್ರತಿದಿನ ನೋಡಬೇಕು ಎಂಬ ಹೊರೆ ಇಳಿಸಿದರೆ ಆಗುತ್ತದೆ. ಮಕ್ಕಳ ಬರವಣಿಗೆಯನ್ನು ಹತ್ತಿರ ಕೂತು ಗಮನಿಸಿದ ಅಮೆರಿಕದ ಡೊನಾಲ್ಡ್ ಗ್ರೇವ್ಸ್ 1983ರ ತಮ್ಮ ಪುಸ್ತಕದಲ್ಲಿ ಶಿಕ್ಷಕರು ಮಕ್ಕಳ ನಡುವೆ ಓಡಾಡುತ್ತಾ ನಡೆಸುವ ಪುಟ್ಟ ಮಾತುಕತೆಗೆ ಬಹಳ ಮಹತ್ವ ಕೊಟ್ಟರು. ಮಕ್ಕಳು ಬರೆಯುತ್ತಿರುವಾಗ ದಿನಕ್ಕೆ ಐದಾರು ಮಕ್ಕಳ ಪಕ್ಕ ಕೂತು ‘ಇದು ಯಾವುದರ ಬಗ್ಗೆ? ಆಮೇಲೆ ಏನಾಯಿತು? ನನಗೆ ಈ ಜಾಗ ಅರ್ಥವಾಗಲಿಲ್ಲ, ಹೇಳು’ ಎಂದು ಕೇಳಿದರೆ ವಾರಕ್ಕೆ ಇಡೀ ತರಗತಿ ಮುಗಿಯುತ್ತದೆ. ಮಗು ಬಾಯಲ್ಲಿ ಹೇಳಿದ್ದನ್ನು, ‘ಇದೇ ಚೆನ್ನಾಗಿದೆ, ಇದನ್ನೂ ಬರೆ’ ಎಂದು ಹೇಳಿ ಎದ್ದು ಬರುವುದು. ಪೆನ್ನು ಶಿಕ್ಷಕಿಯ ಕೈಗೆ ಬರಬಾರದು. ನಲಿ-ಕಲಿಯಲ್ಲಿ ಸ್ವಕಲಿಕೆಯ ಗುಂಪಿನಲ್ಲಿ, ಸಹಪಾಠಿಗಳ ನೆರವಿನ ಗುಂಪಿನಲ್ಲಿ ಕೂತ ಮಕ್ಕಳಿಗೆ ಈ ಬರವಣಿಗೆ ಹೇಳಿ ಮಾಡಿಸಿದ ಕೆಲಸ.

ಶಿಕ್ಷಕರ ಕೈ ಕಟ್ಟಿರುವುದು ಬೇರೆ ಕಡೆ. ಶಾಲಾ ಭೇಟಿಗೆ ಬಂದ ಅಧಿಕಾರಿ ನೋಟ್‌ಬುಕ್ ತೆರೆದು ಪುಟಪುಟಕ್ಕೂ ಸಹಿ, ಕೆಂಪು ಗುರುತು ಇದೆಯೇ ಎಂದು ನೋಡುತ್ತಾರೆ. ತಿದ್ದದೆ ಬಿಟ್ಟ ತಪ್ಪು ಶಿಕ್ಷಕರ ಸೋಮಾರಿತನ ಎಂದು ಪಾಲಕರೂ ತಿಳಿಯುತ್ತಾರೆ. ಹೀಗಿರುವ ತನಕ ಯಾವ ಶಿಕ್ಷಕಿಯೂ ‘ಅಮಮ’ ಎಂಬುದನ್ನು ಹಾಗೆಯೇ ಬಿಡುವ ಧೈರ್ಯ ಮಾಡುವುದಿಲ್ಲ. ಸ್ವಂತ ಬರವಣಿಗೆಗೆಂದೇ ಒಂದು ಬೇರೆ ಪುಸ್ತಕ ಇರಲಿ, ಅದನ್ನು ತಪ್ಪು ಎಣಿಸುವುದಕ್ಕೆ ಯಾರೂ ತೆರೆಯುವುದಿಲ್ಲ ಎಂದು ಶಿಕ್ಷಣ ಇಲಾಖೆಯೇ ಶಾಲೆಗಳಿಗೆ ಬರೆದು ತಿಳಿಸಲಿ. 2022-23ರಲ್ಲಿ ಕಲಿಕಾ ಚೇತರಿಕೆಗಾಗಿ ವರ್ಷದ ಪಾಠಕ್ರಮವನ್ನೇ ಬದಲಿಸಿದ ಇಲಾಖೆಗೆ ಇದು ದೊಡ್ಡ ಕೆಲಸವಲ್ಲ. ಪ್ರತಿ ಪುಟದ ಮೂಲೆಯಲ್ಲಿ ಮಗು ತಾರೀಖು ಬರೆಯಲಿ. ಪಾಲಕರ ಸಭೆಯಲ್ಲಿ ಜೂನ್ ತಿಂಗಳ ಒಂದು ಪುಟ, ಸೆಪ್ಟೆಂಬರ್‌ನ ಒಂದು ಪುಟ, ಜನವರಿಯ ಒಂದು ಪುಟವನ್ನು ಮಗುವಿನ ತಾಯಿಯ ಮುಂದೆ ಸಾಲಾಗಿ ಇಟ್ಟು ತೋರಿಸಬಹುದು. ತಾಯಿಗೆ ಓದು ಬಾರದಿದ್ದರೆ ಆ ಮೂರು ಪುಟಗಳನ್ನೂ ಮಗುವೇ ಓದಿ ಹೇಳಲಿ.